ಊಟಾದ ಮ್ಯಾಲಿನ ಚಹಾ: ನಮ್ಮ ಮನಿ ಗುಂಪಿನ ಒಂದು ಭಾನುವಾರ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ತಾರು ಜನ. ಹೆಚ್ಚಿನವರು ಧಾರವಾಡದವರು. ಸಣ್ಣ ಕಾಕಾನ ಮನೆಯವರು ಮಾತ್ರ ಮೈಸೂರಲ್ಲಿ. ಅವರ ಹೆಂಡತಿಯೂ ಅದೇ ಊರಿನವರಾದ್ದರಿಂದ ಅವರನ್ನು ನಾವು ಕಾಕು ಅನ್ನುವುದಿಲ್ಲ, ಚಿಕ್ಕಮ್ಮ ಅಂತೀವಿ. ಮೊನ್ನೆ ಭಾನುವಾರ ಬೆಳಿಗ್ಗೆ 6:12ಕ್ಕೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು.

"ಎಚ್ಚರ!! ಊಟವಾದ ಮೇಲೆ ಚಹಾ ಕುಡಿಯುವವರ ರಕ್ತ ನೀರಾಗುತ್ತದೆ. ಹಾಲು ಬೆರೆಸಿದ ಚಹಾ ನಿಧಾನ ವಿಷ. ವಿದೇಶಿ ವಿಜ್ಞಾನಿಗಳೇ ಒಪ್ಪಿದ್ದಾರೆ. ಹತ್ತು ಜನರಿಗೆ ಕಳಿಸಿ."

ಅದರ ಕೆಳಗೆ ದೊಡ್ಡಪ್ಪನದೇ ಒಂದು ಸಾಲು: ನಾ ಹೇಳಿದ್ರ ಯಾರೂ ಕೇಳೂದಿಲ್ಲ. ಈಗರ ಓದ್ರಿ.

ಕಾಕು: ಖರೇ ಅದ ಭಾವಾರ. ಖಾಲಿ ಹೊಟ್ಟಿಲೆ ಚಹಾ ಬ್ಯಾಡ ಅಂತ ನಾನೂ ಬಡಕೋತೀನಿ.

ತಮ್ಮ: ಖಾಲಿ ಹೊಟ್ಟಿ ಅಲ್ಲ ಅವ್ವಾ, ಊಟಾದ ಮ್ಯಾಲ ಅಂತ ಬರದದ. ದೊಡ್ಡಪ್ಪಾ, ಯಾವ ವಿಜ್ಞಾನಿ? ಯಾವ ವರ್ಷ? ಲಿಂಕ್ ಕೊಡ್ರಿ.

ದೊಡ್ಡಪ್ಪ: ನೀವು ಲಿಂಕ್ ಕೇಳ್ಕೋತ ಕೂಡ್ರಿ. ನಮ್ಮಜ್ಜ ಮಜ್ಜಿಗಿ ಕುಡದು ಗಟ್ಟಿ ಇದ್ದ. ಈ ಚಹಾ 1930ರ ಸುಮಾರಿಗೆ ಚಹಾದ ಮಂದಿ ಊರೂರಿಗೆ ಗಾಡಿ ತಂದು, ಪುಕ್ಕಟೆ ಕುಡಿಸಿ ಹಚ್ಚಿದ ಚಟ. ಹಿರಿಯರ ಮಾತಿಗೆ ಕಿಮ್ಮತ್ತಿಲ್ಲ ಈಗ.

ತಮ್ಮ: ಪುಕ್ಕಟೆ ಕುಡಿಸಿದ್ದು ಖರೇ. ಅದು ಇತಿಹಾಸ ಆತು, ರಕ್ತ ನೀರಾಗೂದಕ್ಕ ಪುರಾವೆ ಆಗಲಿಲ್ಲ. ಹೋದ ವರ್ಷ ಅಡಗಿ ಸೋಡಾದ ಮೆಸೇಜ್ ಹಿಂಗ ಕಳಿಸಿದ್ರಿ.

ದೊಡ್ಡಪ್ಪ: ಆವಾಗೂ ನೀನ ಬಾಯಿ ಹಾಕಿದ್ದಿ.

ಚಿಕ್ಕಮ್ಮ: ನಮ್ಮನೇಲಿ ಟೀ ಅಪರೂಪ ಕಣ್ರಪ್ಪ. ಏನಿದ್ರೂ ಡಿಕಾಕ್ಷನ್ ಕಾಫಿ. ಈ ರಗಳೆನೇ ಇಲ್ಲ ನಮಗೆ.

ಕಾಕು: ಅಪರೂಪ ಅಂತ ನಮಗೂ ಗೊತ್ತದ. 2011ರಾಗ ನಿಮ್ಮ ಗೃಹಪ್ರವೇಶಕ್ಕ ರಾತ್ರಿಯೆಲ್ಲಾ ರೈಲಿನಾಗ ಕೂತು ಬಂದು ಚಹಾ ಕೇಳಿದ್ರ, ಕೈಯಾಗ ಇಷ್ಟ ಇಷ್ಟ ಕಾಫಿ ಇಟ್ರಿ.

ಚಿಕ್ಕಮ್ಮ: ಅಕ್ಕಾ, ಟೀನೇ ಕೊಟ್ಟಿದ್ವಿ. ನನಗೆ ಚೆನ್ನಾಗಿ ನೆನಪಿದೆ.

ಕಾಕು: ನನಗೂ ನೆನಪದ.

ಅಲ್ಲಿಂದ ಫಾರ್ವರ್ಡಿನ ಮಾತು ನಿಂತೇಹೋಯಿತು. ಯಾರು ಯಾವ ರೈಲಿಗೆ ಬಂದರು, ಬಿಸಿನೀರು ಯಾರಿಗೆ ಸಿಗಲಿಲ್ಲ, ಎಲ್ಲಾ ಹೊರಗೆ ಬಂತು. ನಡುವೆ ಅಣ್ಣ, ದೊಡ್ಡಪ್ಪನ ಮಗ, ಅಜ್ಜಿಯ ಚಹಾ ನೆನೆಸಿಕೊಂಡ.

ಅಣ್ಣ: ಹಿತ್ತಲದಾಗಿನ ಮಜ್ಜಿಗಿ ಹುಲ್ಲು ಕಿತ್ತು, ಗಂಟು ಕಟ್ಟಿ ಕುದಿಯೋ ನೀರಿಗೆ ಒಗೀತಿದ್ಲು. ಶುಂಠಿ ಜಜ್ಜಿದ ಸಪ್ಪಳಕ್ಕ ನಮಗ ಎಚ್ಚರ ಆಗ್ತಿತ್ತು. ಕಪ್ಪು ಆಕಿಗೆ, ಬಶಿ ನಮಗ. ಬಶ್ಯಾಗ ಸುರುವಿ, ಆಕಿನ ಊದಿ ಕೊಡ್ತಿದ್ಲು. ಬಶಿ ಅಂಚು ಒಂದ ಕಡೆ ಸೀಳಿತ್ತು, ಆ ಕಡೆ ತುಟಿ ಹಚ್ಚಬ್ಯಾಡ ಅಂತಿದ್ಲು.

ಅಕ್ಕ: ಅದು ಚಹಾ. ಮೈಸೂರಿಗೆ ಹೋದ್ರ ಟೀ. ಎರಡೂ ಚೀನಾದ ಮಾತ. ಫುಜಿಯಾನ್ ಕಡೆಯವರು 'ತೆ' ಅಂತಿದ್ರು, ಅದನ್ನ ಡಚ್ಚರು ಹಡಗಿನಾಗ ಯುರೋಪಿಗೆ ಒಯ್ದರು. ಉಳಿದವರು 'ಚಾ' ಅಂತಿದ್ರು, ಅದು ಪರ್ಷಿಯಾದ ಕಡೆ ಹೋತು.

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನನಗಂತೂ ಅಣ್ಣನ ಬಶಿಯ ಮಾತು ಓದಿ ಗಂಟಲು ಕಟ್ಟಿತು. ಆ ಸೀಳು ನನಗೂ ನೆನಪಿದೆ.

ನಾನು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಹೋದ ತಿಂಗಳು ಅವ್ವನ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4 ಬಂದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಹಾಗಾಗಿ ಆ ಫಾರ್ವರ್ಡನ್ನು ಗುಂಪಿನಲ್ಲಿ ಪೂರ್ತಿ ಓದಿದವಳು ನಾನೊಬ್ಬಳೇ ಇರಬೇಕು. ಅದರೊಳಗೆ ಒಂದು ಕಾಳು ನಿಜ ಇತ್ತು, ಉಳಿದದ್ದೆಲ್ಲ ಹೊಟ್ಟು. ತಮ್ಮ ಹೊಟ್ಟನ್ನಷ್ಟೇ ನೋಡಿದ. ದೊಡ್ಡಪ್ಪನಿಗೆ ತಾನು ಕಾಳು ಹಿಡಿದಿದ್ದೇನೆಂದೇ ತಿಳಿದಿರಲಿಲ್ಲ. ಕೂತು ಬರೆದೆ:

"ರಕ್ತ ನೀರಾಗೂದಿಲ್ಲ. ಹಾಲಿನ ಚಹಾ ವಿಷ ಅಲ್ಲ. ಆದರ ಚಹಾಕ್ಕ ಒಗರು ಕೊಡೋ ಪಾಲಿಫಿನಾಲುಗಳು ರೊಟ್ಟಿ, ಬ್ಯಾಳಿ, ಸೊಪ್ಪಿನ ಪಲ್ಯದಾಗಿನ ಕಬ್ಬಿಣದ ಅಂಶ ಹಿಡಕೊಂಡು ಮೈಗೆ ಹತ್ತಗೊಡೂದಿಲ್ಲ. ಕಾಫಿನೂ ಹಂಗ. ತಮ್ಮಾ, ನೀ ಕೇಳಿದ ಮೂಲ ಇಲ್ಲಿ ಅದ: ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳಾಗ ಕೊಟ್ಟ ಆಹಾರ ಮಾರ್ಗಸೂಚಿ. ಊಟಕ್ಕ ಒಂದು ತಾಸು ಮೊದಲ, ಒಂದು ತಾಸು ನಂತರ ಚಹಾ ಕಾಫಿ ಬ್ಯಾಡ. ದಿನಕ್ಕ ಕೆಫೀನ್ 300 ಮಿಲಿಗ್ರಾಂ ದಾಟಬಾರದು. 150 ಮಿಲಿಲೀಟರ್ ಚಹಾದಾಗ 30ರಿಂದ 65 ಇರ್ತದ. ಅಂದ್ರ ಚಹಾ ಬಿಡಬೇಕಾಗಿಲ್ಲ, ಹೊತ್ತು ಸರಿಸಿದ್ರ ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಾಗ 15ರಿಂದ 49 ವರ್ಷದ ಹೆಣ್ಣುಮಕ್ಕಳೊಳಗ ನೂರಕ್ಕ 57 ಮಂದಿಗೆ ರಕ್ತಹೀನತೆ. ನಮ್ಮನ್ಯಾಗ ಹೆಣ್ಣುಮಕ್ಕಳು ಕಡೀಕ ಉಂಡು, ತಾಟು ಎತ್ತೂದಕ್ಕಿಂತ ಮೊದಲ ಚಹಾಕ್ಕಿಡ್ತಾರ. ಅವರ ಸಲುವಾಗಿ ಬರದೀನಿ."

ದೊಡ್ಡಪ್ಪ: ನಾ ಹೇಳಿದ್ದೂ ಇದನ್ನ.

ತಮ್ಮ: ಅಲ್ಲ, ನೀವು ವಿಷ ಅಂದ್ರಿ.

ಕಾಕು: ಕಾಫಿನೂ ಹಂಗ ಅಂತ. ನೋಡಿದ್ರೇನು ಮೈಸೂರಿನವರು?

ಫೋನ್ ಕೆಳಗಿಟ್ಟು ಅವ್ವನಿಗೆ ಕರೆ ಮಾಡಿದೆ. "ಕಬ್ಬಿಣದ ಗುಳಿಗಿ ಎದರ ಜೋಡಿ ನುಂಗ್ತಿ?" ಅಂತ ಕೇಳಿದೆ. "ಚಹಾದ ಜೋಡಿ. ಬರೇ ನೀರಿನಾಗ ನುಂಗಿದ್ರ ಹೊಟ್ಟಿ ತೊಳಸ್ತದ," ಅಂದಳು. ಮೂರು ವಾರದಿಂದ ಅವಳು ಹಾಗೇ ನುಂಗುತ್ತಿದ್ದಳು. ಗುಳಿಗೆ ಬರೆದುಕೊಟ್ಟವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕೇಳದಿದ್ದದ್ದು ನನ್ನ ತಪ್ಪೇ. ಇನ್ನು ಮೇಲೆ ಹನ್ನೊಂದು ಗಂಟೆಗೆ ನಿಂಬೆಹಣ್ಣಿನ ಪಾನಕದ ಜೊತೆ ಅಂತ ಮಾತಾಯಿತು. ಮಧ್ಯಾಹ್ನದ ಚಹಾ ನಾಲ್ಕಕ್ಕೆ. "ನಾಲ್ಕಕ್ಕ ಅಂದ್ರ ನಾಲ್ಕಕ್ಕ, ಮತ್ತ ಮುಂದ ಹಾಕಬ್ಯಾಡ," ಅಂದಳು.

ಸಂಜೆ ನೋಡಿದರೆ ಗುಂಪಿನಲ್ಲಿ ತೊಂಬತ್ತು ಮೆಸೇಜು. ಚಿಕ್ಕಮ್ಮ ಹಳೇ ಆಲ್ಬಮ್ಮಿನಿಂದ 2011ರ ಒಂದು ಫೋಟೋ ಹುಡುಕಿ ಹಾಕಿದ್ದರು. ಬಾಗಿಲಿಗೆ ಕಟ್ಟಿದ ಮಾವಿನ ತೋರಣದ ಕೆಳಗೆ ಕಾಕು, ಕೈಯಲ್ಲಿ ಸ್ಟೀಲ್ ಲೋಟ.

ಚಿಕ್ಕಮ್ಮ: ಬಣ್ಣ ನೋಡಿ ಹೇಳಿ, ಟೀನೋ ಕಾಫಿನೋ?

ಕಾಕು: ಫೋಟೋದಾಗ ಎಲ್ಲಾ ಒಂದ ಬಣ್ಣ ಕಾಣಸ್ತದ.

ತಮ್ಮ: ಜೂಮ್ ಮಾಡಿ ನೋಡಿದೆ. ಹೇಳಲಿಕ್ಕೆ ಬರೂದಿಲ್ಲ.

ವರ್ಷಗಟ್ಟಲೆ ಈ ಗುಂಪಿನಲ್ಲಿ ಕೈಮುಗಿಯುವ ಚಿತ್ರ ಬಿಟ್ಟು ಬೇರೇನೂ ಹಾಕದ ಅವ್ವ, ಅವತ್ತು ರಾತ್ರಿ ಒಂಬತ್ತಕ್ಕೆ ಎರಡು ಸಾಲು ಬರೆದಿದ್ದಳು.

ಅವ್ವ: ಅದು ಚಹಾನ. ಅವತ್ತು ಬೆಳಿಗ್ಗೆ ಅಲ್ಲೆ ಒಲಿ ಮುಂದ ನಾನ ಇದ್ದೆ, ನಾನ ಮಾಡಿದ್ದು. ಹಾಲು ಕಡಿಮಿ ಬಿದ್ದಿತ್ತು.