ಅಕ್ಷರ ಬಾರದ ರೋಗಿಗಳಿಗೆ ಚಿತ್ರದ ಚೀಟಿ: ಹೇಗಿದ್ದರೆ ಅರ್ಥವಾಗುತ್ತೆ?

ಆರೋಗ್ಯ ಉಪಕೇಂದ್ರ, ಜಗಳೂರು ಕಡೆ: ಶುಗರ್ ಮಾತ್ರೆಗೆ, ಭೇದಿಯಾದಾಗ ನೀರಿಗೆ ಕಲಸಿ ಕುಡಿಸೋ ಒಆರ್‌ಎಸ್ ಪುಡಿಗೆ ಚಿತ್ರದ ಚೀಟಿ ಮಾಡಿಸ್ತಿದ್ದೀವಿ. ಸೂರ್ಯ, ಚಂದ್ರ ಇರೋ ಮಾದರಿ ತೋರಿಸಿದರೆ ಎಲ್ಲರೂ "ಹೂಂ" ಅಂತಾರೆ, ಮನೆಗೆ ಹೋಗಿ ತಪ್ಪು ಹೊತ್ತಿಗೆ ನುಂಗ್ತಾರೆ. ಮಾಡಿ ಗೊತ್ತಿರೋರು ತಿಳಿಸಿ.

ಔಷಧ ವಿತರಕರು, ಚಿತ್ರದುರ್ಗ: ಮೇಡಂ, ತೊಂದರೆ ಇರೋದೇ ಆ ಸೂರ್ಯನಲ್ಲಿ. ಹುಟ್ಟೋ ಸೂರ್ಯ, ಮುಳುಗೋ ಸೂರ್ಯ ಚಿತ್ರದಲ್ಲಿ ಒಂದೇ ಥರ. ಗಡಿಯಾರವೂ ಬೇಡ, ಮುಳ್ಳು ನೋಡೋಕೆ ಎಲ್ಲರಿಗೂ ಬರಲ್ಲ. ದಿನದ ಕೆಲಸ ಬಿಡಿಸಿ: ಹಲ್ಲುಜ್ಜೋದು, ಹೊಲದಲ್ಲಿ ಬುತ್ತಿ ಬಿಚ್ಚೋದು, ಚಾಪೆ ಹಾಸೋದು. ರಂಗೋಲಿ ಬೇಡ, ಎಲ್ಲ ಮನೇಲೂ ಹಾಕಲ್ಲ.

ಶುಗರ್‌ನ ಮೆಟ್‌ಫಾರ್ಮಿನ್ ಮಾತ್ರೆಗೆ ಎರಡು ಚಿತ್ರ ಬೇಕು. ಮೇಲೆ ಮುದ್ದೆ ಉಣ್ಣೋ ಮನುಷ್ಯ, ಕೆಳಗೆ ಖಾಲಿ ತಟ್ಟೆ ಮುಂದೆ ಮಾತ್ರೆ ನುಂಗೋ ಅದೇ ಮನುಷ್ಯ, ಅದೇ ಬಟ್ಟೆ. ಅಂಗಿ ಬದಲಾದರೆ ಇನ್ಯಾರೋ ಅಂದ್ಕೋತಾರೆ. ಶುಗರ್‌ನ ಇನ್ನೊಂದು ಮಾತ್ರೆ ಗ್ಲಿಮೆಪಿರೈಡ್ ಊಟಕ್ಕೆ ಮುಂಚೆ ಅಂತ ಬರೆದಿದ್ದರೆ ಕ್ರಮ ಉಲ್ಟಾ ಮಾಡಿ, ಆದರೆ ಊಟದ ಚಿತ್ರ ಮಾತ್ರ ಬಿಡಲೇಬೇಡಿ. ಅದನ್ನ ನುಂಗಿ ಊಟ ಬಿಟ್ಟರೆ ಶುಗರ್ ಇಳಿದು ತಲೆ ಸುತ್ತಿ ಬೀಳ್ತಾರೆ.

ಅರ್ಧ ಮಾತ್ರೆಗೆ ಒಂದು ಭಾಗ ಕಪ್ಪು, ಇನ್ನೊಂದು ಭಾಗ ಬರೀ ಚುಕ್ಕಿ ಗೆರೆ. ಮಾತ್ರೆಯ ಬಣ್ಣ ಅಚ್ಚು ಹಾಕಿಸಬೇಡಿ, ಸರಬರಾಜು ಬದಲಾದರೆ ಬಣ್ಣವೂ ಬದಲಾಗುತ್ತೆ. ಖಾಲಿ ಸ್ಟ್ರಿಪ್‌ನ ತುಂಡು ಅಂಟಿಸಿ.

ಶುಶ್ರೂಷಕಿ, ಚಳ್ಳಕೆರೆ: ಒಆರ್‌ಎಸ್ ಚೀಟೀಲಿ ಎಡವೋದು ಅಳತೆಯಲ್ಲಿ. ಲೋಟ, ಚೊಂಬು ಬಿಡಿಸಬೇಡಿ, ಮನೆಮನೆಗೂ ಗಾತ್ರ ಬೇರೆ. ಅಂಗಡೀಲಿ ಸಿಗೋ 1 ಲೀಟರ್ ನೀರಿನ ಬಾಟಲಿನೇ ಇರಲಿ, ಕತ್ತಿನವರೆಗೆ ನೀರು. 20.5 ಗ್ರಾಂ ಪೊಟ್ಟಣ ಪೂರ್ತಿ ಅದಕ್ಕೇ ಹಾಕಬೇಕು. ಪೊಟ್ಟಣಾನ ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. 200 ಮಿ.ಲೀ.ಗೆ ಹಾಕೋ ಚಿಕ್ಕ ಪೊಟ್ಟಣವೂ ಸಿಗುತ್ತೆ, ಅದಕ್ಕೆ ಬೇರೆ ಚೀಟಿ ಮಾಡಿ. ಕಲಸಿದ್ದು 24 ಗಂಟೆ ಆದಮೇಲೆ ಉಳಿದರೆ ಚೆಲ್ಲೋ ಚಿತ್ರವೂ ಬೇಕು.

ಜೊತೆಗೆ ಭೇದಿಗೆ ಜಿಂಕ್ ಮಾತ್ರೆ ಕೊಡ್ತೀರಲ್ಲ, 14 ಚೌಕ ಹಾಕಿ, ದಿನಕ್ಕೊಂದು ಗೀಟು ಎಳೆಯಲಿ. ಭೇದಿ ನಿಂತ ದಿನವೇ ಮಾತ್ರೆ ನಿಲ್ಲಿಸಿಬಿಡ್ತಾರೆ. ಅದಕ್ಕೇ ಕೊನೇ ಚೌಕಗಳಲ್ಲಿ ಆಟ ಆಡ್ತಿರೋ ಮಗು, ಪಕ್ಕದಲ್ಲಿ ಮಾತ್ರೆ ಹಿಡಿದ ತಾಯಿ ಇರಲಿ.

ಚಿತ್ರ ಬರೆಯೋರು, ದಾವಣಗೆರೆ: ಬಿಳಿ ಮೇಲೆ ಕಪ್ಪು ಗೆರೆ, ಹಿಂದೆ ಗಿಡ ಮನೆ ಏನೂ ಬೇಡ. ಹೊಟ್ಟೆ ಮಾತ್ರ ಕತ್ತರಿಸಿ ತೋರಿಸಬೇಡಿ, ಪೂರ್ತಿ ಮನುಷ್ಯ ಇರಲಿ. ಚಿತ್ರಗಳು ಮೇಲಿಂದ ಕೆಳಗೆ ಬರಲಿ. ಅಡ್ಡಡ್ಡ ಇಟ್ಟರೆ ಉರ್ದು ಓದೋರು ಬಲದಿಂದ ಶುರು ಮಾಡ್ತಾರೆ, ಕ್ರಮವೇ ತಿರುಗುತ್ತೆ.

ಆರೋಗ್ಯ ಶಿಕ್ಷಣ ಕೆಲಸ, ಹಿರಿಯೂರು: ಅಚ್ಚಿಗೆ ಕೊಡೋ ಮುಂಚೆ ಪರೀಕ್ಷೆ ಮಾಡಿ ಮೇಡಂ. ಊರಲ್ಲಿ, ತಾಂಡಾದಲ್ಲಿ ಹತ್ತು ಜನ ಸಾಕು, ಒಬ್ಬೊಬ್ಬರನ್ನೇ ಕೂರಿಸಿ. "ಅರ್ಥ ಆಯ್ತಾ?" ಅಂತ ಕೇಳಿದರೆ ನಿಮಗೆ ಸಿಗೋದು ಮರ್ಯಾದೆಯ ಉತ್ತರ. ಮೊದಲು "ಇದರಲ್ಲಿ ಏನು ಕಾಣ್ತಿದೆ?" ಆಮೇಲೆ "ಮನೆಗೆ ಹೋಗಿ ಏನು ಮಾಡ್ತೀರಿ?" ಅವರು ಹೇಳಿದ ಮಾತನ್ನ ಹಾಗೇ ಬರ್ಕೊಳ್ಳಿ, ತಿದ್ದಬೇಡಿ. ಅಮೆರಿಕದ ಮಾನದಂಡ ಸಂಸ್ಥೆ ಎಎನ್‌ಎಸ್‌ಐ ಪ್ರಕಾರ ಸುರಕ್ಷತಾ ಚಿಹ್ನೆಯ ಅರ್ಥ ಶೇಕಡಾ 85 ಜನ ಸರಿಯಾಗಿ ಹೇಳಬೇಕು, ಅಪಾಯ ತರೋ ಉಲ್ಟಾ ಅರ್ಥ ಹೇಳೋರು ಶೇಕಡಾ 5 ದಾಟಬಾರದು. ನೀವು ಇನ್ನೂ ಬಿಗಿಯಾಗಿರಿ: ಹತ್ತರಲ್ಲಿ ಒಬ್ಬರು ಅಪಾಯ ತರೋ ಉಲ್ಟಾ ಅರ್ಥ ಹೇಳಿದರೂ ಆ ಚಿತ್ರ ತೆಗೀರಿ.

ಆರೋಗ್ಯ ಉಪಕೇಂದ್ರ, ಜಗಳೂರು ಕಡೆ: ಅಕ್ಷರ ಪೂರ್ತಿ ತೆಗೆದುಬಿಡಲಾ ಸರ್?

ಆರೋಗ್ಯ ಶಿಕ್ಷಣ ಕೆಲಸ, ಹಿರಿಯೂರು: ಬೇಡ. ಪ್ರತಿ ಚಿತ್ರದ ಕೆಳಗೆ ಒಂದು ಸಾಲು ದಪ್ಪಕ್ಷರದಲ್ಲಿ ಇರಲಿ, ಮನೇಲಿ ಓದಿ ಹೇಳೋರು ಒಬ್ಬರು ಇರ್ತಾರೆ. ಚೀಟಿ ಕೊಡುವಾಗ ಬೆರಳಿಟ್ಟು ವಿವರಿಸಿ, ಆಮೇಲೆ ಅವರ ಬಾಯಲ್ಲೇ ಹೇಳಿಸಿ. ಚಿತ್ರ ತಿದ್ದಿದರೆ ಪರೀಕ್ಷೆಗೆ ಹೊಸ ಹತ್ತು ಜನರನ್ನ ಹುಡುಕಿ, ಹಳಬರಿಗೆ ಉತ್ತರ ಗೊತ್ತಾಗಿಬಿಟ್ಟಿರುತ್ತೆ.