ಉತ್ತಮ ಮ್ಯಾಂಡೊಲಿನ್: ಹೊಸದೋ, ಬಳಸಿದ್ದೋ?

ಪ್ರಶ್ನೆ: ನಾಲ್ಕು ವರ್ಷಗಳಿಂದ ಪ್ಲೈವುಡ್ ಮೇಲ್ಫಲಕದ ಸಾಧಾರಣ ಮ್ಯಾಂಡೊಲಿನ್ ಒಂದರಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಈಗ ಬಹುಕಾಲ ಜೊತೆಗಿರುವಂಥ ಒಳ್ಳೆಯ ವಾದ್ಯವನ್ನು ಕೊಳ್ಳುವ ಮನಸ್ಸಾಗಿದೆ. ಕೂಡಿಟ್ಟ ಹಣಕ್ಕೆ ಎರಡು ವಾದ್ಯಗಳು ಎಟುಕುತ್ತಿವೆ. ಒಂದು ಕಾರ್ಖಾನೆಯಿಂದ ಬಂದ ಹೊಸ ಎ ಮಾದರಿ (ಸುರುಳಿಯಿಲ್ಲದ, ಹನಿಯಾಕಾರದ ದೇಹದ್ದು). ಇನ್ನೊಂದು, ಕುಶಲಕರ್ಮಿಯೊಬ್ಬರು ಕೈಯಿಂದ ತಯಾರಿಸಿದ, ಹದಿನೈದು ವರ್ಷ ಬಳಕೆಯಾದ ಎ ಮಾದರಿ. ಎರಡಕ್ಕೂ ಕೆತ್ತಿದ ಸ್ಪ್ರೂಸ್ ಮರದ ಮೇಲ್ಫಲಕ ಮತ್ತು ಮೇಪಲ್ ಮರದ ಬೆನ್ನು ಇವೆ. ಬಳಸಿದ್ದರ ನಾದವೇ ನನಗೆ ಹೆಚ್ಚು ಹಿಡಿಸಿತು, ಆದರೆ ಒಳಗೆ ಯಾವ ದೋಷ ಅಡಗಿದೆಯೋ ಎಂಬ ಅಳುಕು ಬಿಡುತ್ತಿಲ್ಲ. ತಂತಿವಾದ್ಯಗಳ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ನಾದ ಹಿಡಿಸಿದೆ ಎಂದಿರಲ್ಲ, ಆ ಮಾತನ್ನು ಹಗುರವಾಗಿ ಕಾಣಬೇಡಿ. ಬಳಸಿದ ವಾದ್ಯದ ದೊಡ್ಡ ಅನುಕೂಲವೆಂದರೆ ಅದರ ದನಿ ಈಗಾಗಲೇ ನೆಲೆಗೊಂಡಿರುತ್ತದೆ. ನೀವು ಕೇಳಿದ್ದೇ ನಿಮಗೆ ಸಿಗುತ್ತದೆ. ಹೊಸ ಸ್ಪ್ರೂಸ್ ಮೇಲ್ಫಲಕ ನುಡಿಸುತ್ತ ಹೋದಂತೆ ಬಿಚ್ಚಿಕೊಳ್ಳುತ್ತದೆ ಎಂದು ವಾದಕರು ಹೇಳುವುದನ್ನು ನಾನೂ ಒಪ್ಪುತ್ತೇನೆ, ಆದರೆ ಇಂದು ಮಂಕಾಗಿ ನುಡಿಯುವ ವಾದ್ಯವನ್ನು ನಾಳೆ ಸರಿಹೋದೀತೆಂಬ ಭರವಸೆಯಿಂದ ಕೊಳ್ಳಲು ಯಾರಿಗೂ ಹೇಳುವುದಿಲ್ಲ. ಹೊಸದರ ಲಾಭ ಬೇರೆ: ಬೆರಳುಫಲಕದ ಮೇಲಿನ ಲೋಹದ ಪಟ್ಟಿಗಳಾದ ಫ್ರೆಟ್‌ಗಳು ಸವೆದಿರುವುದಿಲ್ಲ, ಬಚ್ಚಿಟ್ಟ ಇತಿಹಾಸವಿರುವುದಿಲ್ಲ, ವಾರಂಟಿ ಇರುತ್ತದೆ. ಆ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲೀಕನಿಗಷ್ಟೇ ಸಲ್ಲುತ್ತದೆ ಎಂಬುದು ನೆನಪಿರಲಿ. ಹೊಸದೆಂದ ಮಾತ್ರಕ್ಕೆ ನುಡಿಸಲು ಸಿದ್ಧವಾಗಿರುತ್ತದೆ ಎಂದೂ ಇಲ್ಲ. ನಟ್‌ನ (ವಾದ್ಯದ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಸೀಳುಗಳು ಎತ್ತರವಾಗಿಯೇ ಉಳಿದು, ಬ್ರಿಡ್ಜ್‌ನ (ಮೇಲ್ಫಲಕದ ಮೇಲೆ ತಂತಿಗಳನ್ನು ಹೊರುವ ಕುದುರೆಯ) ಪಾದ ಮೇಲ್ಫಲಕದ ಉಬ್ಬಿಗೆ ಸರಿಯಾಗಿ ಕೂರದೆ ಬಂದ ಹೊಸ ವಾದ್ಯಗಳು ನನ್ನ ಮೇಜಿಗೆ ಆಗಾಗ ಬರುತ್ತಲೇ ಇರುತ್ತವೆ.

ಆದ್ದರಿಂದ ವಯಸ್ಸನ್ನು ಬದಿಗಿಟ್ಟು ನೆಕ್ (ವಾದ್ಯದ ಕತ್ತು) ಮತ್ತು ಮೇಲ್ಫಲಕ ಹೇಗಿವೆ ಎಂಬುದನ್ನು ನೋಡಿ. ಎಂಟು ತಂತಿಗಳು ಒಟ್ಟಾಗಿ ಸುಮಾರು 80 ಕಿಲೋಗ್ರಾಂ ಬಲದಿಂದ ಎಳೆಯುತ್ತಿರುತ್ತವೆ. ಇಷ್ಟು ಪುಟ್ಟ ಮರದ ಪೆಟ್ಟಿಗೆ ಆ ಸೆಳೆತವನ್ನು ಹಗಲೂ ಇರುಳೂ ತಡೆದು ನಿಂತಿರಬೇಕು. ಸೋತಿದ್ದರೆ ಅದರ ಗುರುತು ಬ್ರಿಡ್ಜ್‌ನ ಎತ್ತರ ಹೊಂದಿಸುವ ಎರಡು ಪುಟ್ಟ ಚಕ್ರಗಳಲ್ಲಿ ಕಾಣುತ್ತದೆ. ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯ ಎತ್ತರ ಒಂದೂವರೆಯಿಂದ ಎರಡು ಮಿಲಿಮೀಟರ್ ಇದ್ದು, ಆ ಚಕ್ರಗಳು ತಿರುಪಿನ ನಡುಭಾಗದಲ್ಲಿದ್ದರೆ ನೆಮ್ಮದಿಯಾಗಿರಿ. ಚಕ್ರಗಳು ಪೂರ್ತಿ ಕೆಳಗಿಳಿದಿದ್ದೂ ತಂತಿ ಎತ್ತರದಲ್ಲೇ ಇದ್ದರೆ ನೆಕ್ ದೇಹಕ್ಕೆ ಸೇರುವ ಸಂದಿಯಲ್ಲಿ ಮುಂದಕ್ಕೆ ಬಾಗಿದೆಯೆಂದು ಶಂಕಿಸಬೇಕು. ಅದಕ್ಕೆ ವಿರುದ್ಧವಾಗಿ ಚಕ್ರಗಳನ್ನು ಬಹಳ ಮೇಲಕ್ಕೆ ಏರಿಸಿಟ್ಟಿದ್ದರೆ ಮೇಲ್ಫಲಕವೇ ಕುಸಿದಿರಬಹುದು. ಒಮ್ಮೆ ಹೀಗೆ ಚಕ್ರ ಏರಿಸಿದ್ದ ವಾದ್ಯವೊಂದರ ಒಳಗೆ ಕನ್ನಡಿ ಇಳಿಸಿ ನೋಡಿದಾಗ, ಮೇಲ್ಫಲಕವನ್ನು ಹೊರುವ ಟೋನ್ ಬಾರ್‌ಗಳಲ್ಲಿ ಒಂದು ಅಂಟು ಬಿಟ್ಟಿತ್ತು. ಅದನ್ನು ಮರಳಿ ಅಂಟಿಸಿದ ಮೇಲೆ ವಾದ್ಯ ಮೊದಲಿನ ದನಿಗೆ ಬಂದದ್ದು ನನ್ನ ವೃತ್ತಿಯಲ್ಲಿ ಇಂದಿಗೂ ಸಂತೋಷ ಕೊಡುವ ನೆನಪು.

ನೆಕ್ ಒಳಗೆ ಟ್ರಸ್ ರಾಡ್ ಎಂಬ ಲೋಹದ ಸಲಾಕೆ ಇದೆಯಲ್ಲ, ತಿರುಗಿಸಿದರಾಯಿತು ಎಂದು ಮಾರುವವರು ಹೇಳಿದರೆ ನಂಬಬೇಡಿ. ಆ ಸಲಾಕೆ ನೆಕ್‌ನ ಬಾಗನ್ನು ತಿದ್ದಬಲ್ಲದೇ ಹೊರತು ಸಂದಿಯ ಕೋನವನ್ನಲ್ಲ. ತಂತಿಯೊಂದನ್ನು ಮೊದಲ ಫ್ರೆಟ್‌ನಲ್ಲಿಯೂ ನೆಕ್ ದೇಹಕ್ಕೆ ಸೇರುವಲ್ಲಿನ ಫ್ರೆಟ್‌ನಲ್ಲಿಯೂ ಒತ್ತಿ ಹಿಡಿದು ನಡುವಿನ ಅಂತರ ನೋಡಿ. ತೆಳು ಕಾಗದ ನುಸುಳುವಷ್ಟಿದ್ದರೆ ಸಾಕು. ಸವೆದ ಫ್ರೆಟ್, ಸಡಿಲವಾದ ಶ್ರುತಿಬಿರಡೆ, ಅಚ್ಚುಕಟ್ಟಾಗಿ ಅಂಟಿಸಿದ ಹಳೆಯ ಸೀಳು, ಇವೆಲ್ಲ ಬೆಲೆ ಇಳಿಸಿ ಕೇಳುವ ಕಾರಣಗಳೇ ಹೊರತು ಬಿಟ್ಟುಬಿಡುವ ಕಾರಣಗಳಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಅದೇ ಹಣಕ್ಕೆ ದೇಹದ ಮೇಲ್ಭಾಗದಲ್ಲಿ ಕೆತ್ತಿದ ಸುರುಳಿಯಿರುವ ಎಫ್ ಮಾದರಿಯನ್ನು ಹುಡುಕುವುದು ಮೇಲಲ್ಲವೇ? ಜೊತೆಗೆ, 1910ರ ದಶಕದ, ಅಮೆರಿಕದ ಗಿಬ್ಸನ್ ಕಂಪನಿಯ ವಾದ್ಯವೊಂದು ನನ್ನ ಕಣ್ಣಿಗೆ ಬಿದ್ದಿದೆ. ಅದಕ್ಕೂ ಈ ಚಕ್ರದ ಪರೀಕ್ಷೆ ಸಲ್ಲುತ್ತದೆಯೇ?

ಉತ್ತರ: ಸುರುಳಿ ಕಣ್ಣಿಗೆ ಹಬ್ಬ, ಅದನ್ನು ಕೆತ್ತಲು ಬಹಳ ದುಡಿಮೆಯೂ ಬೇಕು, ಬೆಲೆ ಏರುವುದು ಅದಕ್ಕಾಗಿಯೇ. ನಾದಕ್ಕೆ ಅದರಿಂದ ಸಲ್ಲುವುದು ತೀರ ಕಡಿಮೆ. 1922ರಲ್ಲಿ ಗಿಬ್ಸನ್ ಕಂಪನಿಯಲ್ಲಿ ವಾದ್ಯ ವಿನ್ಯಾಸಕ ಲಾಯ್ಡ್ ಲೋರ್ ಇದ್ದಾಗ ಹೊರಬಂದ ಎಫ್-5ರ ದನಿ ಹಿಂದಿನವುಗಳಿಗಿಂತ ಬೇರೆಯಾಗಿ ಕೇಳಿಸಿದ್ದಕ್ಕೆ ಪಿಟೀಲಿನಂಥ ನಾದರಂಧ್ರಗಳು, ಉದ್ದವಾದ ನೆಕ್, ಮೇಲ್ಫಲಕದ ಕೆತ್ತನೆ ಕಾರಣವಾದವು. ಸುರುಳಿಯಾದರೋ ಅದಕ್ಕೂ ಮೊದಲಿನ ಎಫ್ ಮಾದರಿಗಳಲ್ಲೇ ಇತ್ತು. ಒಂದೇ ಮೊತ್ತ ಕೈಯಲ್ಲಿದ್ದರೆ ಎ ಮಾದರಿಯಲ್ಲಿ ಹೆಚ್ಚು ಒಳ್ಳೆಯ ಮರ, ಹೆಚ್ಚು ಒಳ್ಳೆಯ ಕೆಲಸಗಾರಿಕೆ ಸಿಗುತ್ತದೆ.

ನಿಮ್ಮ ಕಣ್ಣಿಗೆ ಬಿದ್ದ ಹಳೆಯದಕ್ಕೆ ಚಕ್ರದ ಪರೀಕ್ಷೆ ಸಲ್ಲುವುದಿಲ್ಲ. ಎತ್ತರ ಹೊಂದಿಸುವ ಬ್ರಿಡ್ಜ್, ಟ್ರಸ್ ರಾಡ್ ಎರಡೂ ಗಿಬ್ಸನ್ ಮ್ಯಾಂಡೊಲಿನ್‌ಗಳಿಗೆ ಬಂದದ್ದು 1920ರ ದಶಕದ ಆರಂಭದಲ್ಲಿ. ಆ ವಾದ್ಯದ ನೆಕ್ ಬಾಗಿದ್ದರೆ ಕೀಲಿಯೊಂದನ್ನು ತಿರುಗಿಸಿ ನೇರ ಮಾಡುವಂತಿಲ್ಲ. ಫ್ರೆಟ್ ಕಿತ್ತು ಬೆರಳುಫಲಕವನ್ನು ಸಮತಟ್ಟು ಮಾಡುವಂಥ ಕೆಲಸವೇ ಬೇಕಾದೀತು. ಫ್ರೆಟ್‌ಗಳ ಮೇಲೆ ನೆಕ್ ಉದ್ದಕ್ಕೂ ನೇರವಾದ ಅಳತೆಪಟ್ಟಿ ಇಟ್ಟು ನೋಡಿ, ಅದರ ತುದಿ ಬ್ರಿಡ್ಜ್‌ನ ನೆತ್ತಿಯ ಹತ್ತಿರಕ್ಕೆ ಬರಬೇಕು. ಬ್ರಿಡ್ಜ್‌ನ ಸುತ್ತ ಮೇಲ್ಫಲಕದ ಉಬ್ಬು ಉಳಿದಿದೆಯೇ ಎಂದು ಬದಿಯಿಂದ ಕಣ್ಣು ಹಾಯಿಸಿ. ಎಲ್ಲವೂ ಸರಿಯಿದ್ದರೆ ಕೊಳ್ಳಿ, ಆದರೆ ಮೊದಲ ತಂತಿ 0.010 ಅಂಗುಲ ದಪ್ಪವಿರುವ ಹಗುರ ಜೋಡಣೆಯನ್ನೇ ಹಾಕಿ. ಅಂಥ ವಾದ್ಯಗಳ ತುಂಬು ದನಿ ಭಾರವಾದ ತಂತಿಯನ್ನು ಬೇಡುವುದೂ ಇಲ್ಲ.

ಮೊದಲ ಪ್ರಶ್ನೆ ಕೇಳಿದವರು: ತಾವು ಹೇಳಿದಂತೆ ಅಳೆದೆ. ತಂತಿಯ ಎತ್ತರ ಎರಡು ಮಿಲಿಮೀಟರಿಗೆ ತುಸು ಕಡಿಮೆ, ಚಕ್ರಗಳು ನಡುವಿನಲ್ಲಿವೆ, ಕಾಗದ ನುಸುಳುತ್ತದೆ. ಮೊದಲ ಮೂರು ಫ್ರೆಟ್‌ಗಳಲ್ಲಿ ಮಾತ್ರ ತಂತಿ ಕೊರೆದ ಹಳ್ಳಗಳಿವೆ, ಎರಡನೆಯದರಲ್ಲಿ ಸ್ವರ ಝೇಂಕರಿಸುತ್ತದೆ.

ಉತ್ತರ: ಹಾಗಾದರೆ ಅಳುಕು ಬೇಡ. ಹದಿನೈದು ವರ್ಷ ಆ ಸೆಳೆತವನ್ನು ತಡೆದು ನೇರವಾಗಿ ನಿಂತಿರುವ ನೆಕ್ ಮುಂದೆಯೂ ನಿಲ್ಲುವ ಸಂಭವ ಹೆಚ್ಚು. ಹೊಸದು ಆ ಪರೀಕ್ಷೆಯನ್ನು ಇನ್ನೂ ಎದುರಿಸಬೇಕಷ್ಟೇ. ಫ್ರೆಟ್ ಬದಲಿಸಲು ಎಷ್ಟಾಗುತ್ತದೆ ಎಂದು ನಿಮಗೆ ಹತ್ತಿರದ ದುರಸ್ತಿಗಾರರನ್ನು ಕೇಳಿ, ಅಷ್ಟನ್ನು ಬೆಲೆಯಿಂದ ಕಳೆಯುವಂತೆ ಮಾರುವವರಿಗೆ ಹೇಳಿ, ನಿಮಗೆ ಹಿಡಿಸಿದ ವಾದ್ಯವನ್ನೇ ತೆಗೆದುಕೊಳ್ಳಿ. ಮನೆಗೆ ತಂದ ಮೇಲೆ ವಾದ್ಯವನ್ನಿಡುವ ಪೆಟ್ಟಿಗೆಯೊಳಗಿನ ಗಾಳಿಯ ತೇವಾಂಶ ಶೇಕಡ 45ರಿಂದ 55ರ ನಡುವೆ ಇರುವಂತೆ ನೋಡಿಕೊಳ್ಳಿ.