ಅಲಾಸ್ಕಾ ಹಡಗು ಪ್ರವಾಸ: ಅಮೆರಿಕದ ವೀಸಾ ಇದ್ದರೂ ಕೆನಡಾ ವೀಸಾ ಕೇಳುತ್ತಿದ್ದಾರೆ

ಕಡಿಯಾಳಿ ಮೇಷ್ಟ್ರು (ಉಡುಪಿ), ಮಾರ್ಚ್ 24

ಎಲ್ಲರಿಗೂ ನಮಸ್ಕಾರ. ನಾನೂ ಹೆಂಡತಿಯೂ ಜೂನ್ 12ಕ್ಕೆ ಸಿಯಾಟಲ್‌ನಲ್ಲಿರುವ ಮಗನ ಮನೆಗೆ ಹೊರಡುವವರಿದ್ದೇವೆ. ಆಗಸ್ಟ್ ಎರಡನೆಯ ವಾರಕ್ಕೆ ಮಗ ಎಲ್ಲರಿಗೂ ಸೇರಿಸಿ ಅಲಾಸ್ಕಾಕ್ಕೆ ಏಳು ರಾತ್ರಿಯ ಹಡಗು ಪ್ರವಾಸ ಕಾಯ್ದಿರಿಸಿದ್ದಾನೆ. ಸಿಯಾಟಲ್‌ನಲ್ಲಿ ಹತ್ತಿ ಸಿಯಾಟಲ್‌ನಲ್ಲೇ ಇಳಿಯುವುದು. ನಡುವೆ ಕೆಚಿಕನ್, ಜೂನೊ, ಸ್ಕ್ಯಾಗ್ವೇ. ಕೊನೆಯ ಸಂಜೆ ಮಾತ್ರ ಕೆನಡಾದ ವಿಕ್ಟೋರಿಯಾದಲ್ಲಿ ನಾಲ್ಕು ಗಂಟೆ ನಿಲ್ಲುತ್ತದೆ.

ಇಲ್ಲಿನ ಏಜೆಂಟರೊಬ್ಬರು ‘ಅಮೆರಿಕದ ವೀಸಾ ಇದೆಯಲ್ಲ, ಸಾಕು’ ಎಂದಿದ್ದರು. ನಿನ್ನೆ ಹಡಗಿನ ಕಂಪನಿಯಿಂದ ಮಗನಿಗೆ ಮಿಂಚಂಚೆ ಬಂದಿದೆ. ಭಾರತೀಯ ಪಾಸ್‌ಪೋರ್ಟಿನವರಿಗೆ ಕೆನಡಾದ ವೀಸಾ ಇಲ್ಲದಿದ್ದರೆ ಹತ್ತಿಸಿಕೊಳ್ಳುವುದಿಲ್ಲ, ಹಣವೂ ವಾಪಸಿಲ್ಲ ಎಂದು ಬರೆದಿದ್ದಾರೆ.

ನಮ್ಮ ಕಾಗದಪತ್ರಗಳ ಸ್ಥಿತಿ ಹೀಗಿದೆ. ನನ್ನ ಹತ್ತು ವರ್ಷದ ಅಮೆರಿಕ ವೀಸಾ ಇನ್ನೂ ಊರ್ಜಿತದಲ್ಲಿದೆ, ಆದರೆ ಅದು ಇರುವುದು ಅವಧಿ ಮುಗಿದ, ಮೂಲೆ ಕತ್ತರಿಸಿದ ಹಳೆಯ ಪಾಸ್‌ಪೋರ್ಟಿನಲ್ಲಿ. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗವೇ ಖಾಲಿ, ಹೆಸರು ‘ಸುಮತಿ’ ಎಂದಷ್ಟೇ ಇದೆ. ಅವಳ ಅಮೆರಿಕ ವೀಸಾದಲ್ಲಿ ಉಪನಾಮದ ಜಾಗದಲ್ಲಿ ಸುಮತಿ ಎಂದೂ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದೂ ಅಚ್ಚಾಗಿದೆ. ಹಡಗಿನ ಟಿಕೆಟ್ಟಿನಲ್ಲಿ ಮಗ ಅವಳ ಹೆಸರಿಗೆ ನನ್ನ ಉಪನಾಮ ಸೇರಿಸಿಬಿಟ್ಟಿದ್ದಾನೆ.

ವಿಕ್ಟೋರಿಯಾದಲ್ಲಿ ನಾವಿಬ್ಬರು ಇಳಿಯದೆ ಕೋಣೆಯಲ್ಲೇ ಕುಳಿತರೆ ಆಗುವುದಿಲ್ಲವೇ? ನಾಲ್ಕು ಗಂಟೆಗೋಸ್ಕರ ಇನ್ನೊಂದು ದೇಶದ ವೀಸಾ ಏಕೆ ಎಂಬುದು ನನಗೆ ಅರ್ಥವಾಗುತ್ತಿಲ್ಲ.

ಸುರತ್ಕಲ್ ಸವಾರ, ಮಾರ್ಚ್ 24

ಮೇಷ್ಟ್ರೇ, ಗಾಬರಿ ಬೇಡ. ನನ್ನ ಅಣ್ಣ 2021ರಲ್ಲಿ ಇದೇ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗಿ ಬಂದಿದ್ದಾನೆ, ಕೆನಡಾದ ವೀಸಾ ಕೇಳಲೇ ಇಲ್ಲ. ಅಷ್ಟೂ ಬೇಕೆಂದರೆ ಅಂತರಜಾಲದಲ್ಲಿ ಏಳು ಡಾಲರಿಗೆ ‘ಇ-ಟಿಎ’ ಅಂತ ಒಂದು ಪ್ರಯಾಣದ ಅನುಮತಿ ಸಿಗುತ್ತದೆ, ಹತ್ತು ನಿಮಿಷದ ಕೆಲಸ.

ಲಂಗರು (ಕುಳಾಯಿ, ಮಂಗಳೂರು), ಮಾರ್ಚ್ 24

ಸವಾರರೇ, ಈ ಸಲಹೆಯನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ಇದನ್ನು ನಂಬಿ ಹೋದವರು ಹಡಗುಕಟ್ಟೆಯಲ್ಲೇ ಉಳಿಯುತ್ತಾರೆ.

ನಾನು ಹನ್ನೊಂದು ವರ್ಷ ಪ್ರವಾಸಿ ಹಡಗುಗಳಲ್ಲಿದ್ದೆ. ಕೊನೆಯ ನಾಲ್ಕು ವರ್ಷ ಪ್ರಯಾಣಿಕರ ದಾಖಲೆ ನೋಡುವುದೇ ಕೆಲಸ. ಒಂದೊಂದಾಗಿ ಹೇಳುತ್ತೇನೆ.

ನಿಮ್ಮಣ್ಣ ಹೇಳಿದ್ದು ಸುಳ್ಳಲ್ಲ, ಆದರೆ 2021 ಲೆಕ್ಕಕ್ಕೆ ಬಾರದ ವರ್ಷ. ಅಮೆರಿಕದಲ್ಲಿ 1886ರ ಒಂದು ಕಾನೂನು ಇದೆ. ಬೇರೆ ದೇಶದ ಬಾವುಟದ ಹಡಗು ಅಮೆರಿಕದಲ್ಲಿ ಜನರನ್ನು ಹತ್ತಿಸಿಕೊಂಡು, ಅಮೆರಿಕದ ಬಂದರುಗಳನ್ನಷ್ಟೇ ಸುತ್ತಿ ಮರಳುವಂತಿಲ್ಲ. ಮಧ್ಯೆ ಒಂದಾದರೂ ಹೊರದೇಶದ ಬಂದರನ್ನು ಮುಟ್ಟಬೇಕು. ದೊಡ್ಡ ಪ್ರವಾಸಿ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾಗಳಂಥ ದೇಶಗಳಲ್ಲಿ ನೋಂದಣಿಯಾದವು. ಆದ್ದರಿಂದ ಅಲಾಸ್ಕಾಕ್ಕೆ ಹೋದ ಹಡಗು ಮಧ್ಯರಾತ್ರಿಯಾದರೂ ಸರಿ, ವಿಕ್ಟೋರಿಯಾಕ್ಕೆ ಹೋಗಿ ಹಾಜರಿ ಹಾಕಿ ಬರುತ್ತದೆ. ಕೋವಿಡ್ ಕಾಲದಲ್ಲಿ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದಾಗ ಅಮೆರಿಕ 2021ರ ಮೇ ತಿಂಗಳಲ್ಲಿ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ನಿಮ್ಮಣ್ಣ ಹೋಗಿದ್ದು ಆಗ.

ಇನ್ನು ಆ ಏಳು ಡಾಲರಿನ ಇ-ಟಿಎ. ಅದು ವಿಮಾನದಲ್ಲಿ ಹೋಗುವವರಿಗೆ ಮಾತ್ರ, ಅದೂ ವೀಸಾ ವಿನಾಯಿತಿ ಇರುವ ದೇಶದವರಿಗೆ. ನಮಗೂ ಹಡಗಿಗೂ ಅದು ಸಂಬಂಧಿಸಿದ್ದಲ್ಲ.

ಮೇಷ್ಟ್ರೇ, ‘ಇಳಿಯದೆ ಕುಳಿತರೆ’ ಎಂಬ ಪ್ರಶ್ನೆಯನ್ನು ನನ್ನ ಮುಂದೆ ನೂರಾರು ಮಂದಿ ಕೇಳಿದ್ದಾರೆ. ಹಡಗು ಕೆನಡಾದ ಬಂದರಿಗೆ ಕಟ್ಟಿದ ಮೇಲೆ ನೀವು ಮಂಚದ ಮೇಲೆ ಮಲಗಿದ್ದರೂ ಕೆನಡಾದಲ್ಲಿದ್ದೀರಿ ಎಂದೇ ಅರ್ಥ. ಹಾಗಾಗಿ ತಪಾಸಣೆ ವಿಕ್ಟೋರಿಯಾದಲ್ಲಿ ಅಲ್ಲ, ಸಿಯಾಟಲ್‌ನ ಕೌಂಟರಿನಲ್ಲೇ ಆಗುತ್ತದೆ.

ಒಮ್ಮೆ ಅಲ್ಲಿನ 91ನೇ ಕಟ್ಟೆಯಲ್ಲಿ ಹೈದರಾಬಾದಿನ ಹಿರಿಯ ದಂಪತಿ ಹೀಗೆಯೇ ಸಿಕ್ಕಿಬಿದ್ದರು. ಮಗ, ಸೊಸೆಗೆ ಗ್ರೀನ್ ಕಾರ್ಡ್ ಇತ್ತು, ಅವರಿಗೆ ತೊಂದರೆ ಇಲ್ಲ. ಈ ಇಬ್ಬರಲ್ಲಿ ಕೆನಡಾದ ವೀಸಾ ಇರಲಿಲ್ಲ. ಸೂಟ್‌ಕೇಸುಗಳು ಆಗಲೇ ಹಡಗಿನೊಳಗೆ ಹೋಗಿದ್ದವು, ಹುಡುಕಿ ಹೊರತರಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಆ ಅಜ್ಜ ಮಡಚಿದ ಟಿಕೆಟ್ಟನ್ನು ಬಿಡಿಸುವುದು, ಮತ್ತೆ ಮಡಚುವುದು ಮಾಡುತ್ತಿದ್ದರು. ಕೊನೆಗೆ ನಾಲ್ವರೂ ಹೋಗಲಿಲ್ಲ.

ನಿಮ್ಮ ಕೈಯಲ್ಲಿ ಹತ್ತು ವಾರಕ್ಕೂ ಹೆಚ್ಚು ಸಮಯವಿದೆ. ಊರಿನಿಂದಲೇ ಅರ್ಜಿ ಹಾಕಿ, ವೀಸಾ ಅಂಟಿಸಿಕೊಂಡೇ ವಿಮಾನ ಹತ್ತಿ. ಅಮೆರಿಕಕ್ಕೆ ಹೋದ ಮೇಲೂ ಹಾಕಬಹುದು, ಬೆರಳಚ್ಚನ್ನು ಅಲ್ಲಿಯೂ ತೆಗೆದುಕೊಳ್ಳುತ್ತಾರೆ. ಆದರೆ ಪಾಸ್‌ಪೋರ್ಟನ್ನು ಅಂಚೆಯಲ್ಲಿ ಕಳುಹಿಸಿ ದಿನ ಎಣಿಸುವ ಕೆಲಸ ಪರದೇಶದಲ್ಲಿ ಬೇಡ. ಶುಲ್ಕ ಒಬ್ಬರಿಗೆ 100 ಕೆನಡಾ ಡಾಲರ್, ಬೆರಳಚ್ಚಿಗೆ ಇನ್ನೊಂದು 85. ಹಣ ಕಟ್ಟಿದ ಮೇಲೆ ಬೆರಳಚ್ಚಿನ ಪತ್ರ ಬರುತ್ತದೆ, ಅದರ ನಂತರ 30 ದಿನದೊಳಗೆ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಿ ಬನ್ನಿ.

ಹಳೆಯ ಪಾಸ್‌ಪೋರ್ಟಿನ ಚಿಂತೆ ಬಿಡಿ. ಪಾಸ್‌ಪೋರ್ಟ್ ಸತ್ತರೂ ಅದರೊಳಗಿನ ಅಮೆರಿಕ ವೀಸಾ ಸಾಯುವುದಿಲ್ಲ. ವೀಸಾ ಇರುವ ಪುಟ ಹರಿದಿರಬಾರದು, ಅಷ್ಟೇ. ಎರಡನ್ನೂ ಒಟ್ಟಿಗೆ ತೋರಿಸಬೇಕು. ಕೆನಡಾದ ಅರ್ಜಿಯಲ್ಲೂ ಹಡಗಿನ ಚೆಕ್-ಇನ್‌ನಲ್ಲೂ ಹೊಸ ಪಾಸ್‌ಪೋರ್ಟಿನ ಸಂಖ್ಯೆ ಬರೆಯಿರಿ.

ಬಿಜೈ ನಿವಾಸಿ (ಮಂಗಳೂರು), ಮಾರ್ಚ್ 25

ಹೆಸರಿನ ವಿಷಯ ನಾನು ಹೇಳುತ್ತೇನೆ. ನಮ್ಮ ಅತ್ತೆಯವರದೂ ಒಂದೇ ಹೆಸರು. ನಮ್ಮ ಕಡೆಯ ಆ ತಲೆಮಾರಿನ ಹೆಂಗಸರಲ್ಲಿ ಅರ್ಧದಷ್ಟು ಜನರ ಪಾಸ್‌ಪೋರ್ಟ್ ಹೀಗೇ ಇರಬೇಕು.

ಎಫ್‌ಎನ್‌ಯು ಎಂದರೆ ‘ಮೊದಲ ಹೆಸರು ತಿಳಿದಿಲ್ಲ’ ಎಂಬುದರ ಸಂಕ್ಷೇಪ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದವರು ಅದನ್ನು ಉಪನಾಮದ ಜಾಗಕ್ಕೆ ಸರಿಸಿ, ಹೆಸರಿನ ಜಾಗಕ್ಕೆ ಈ ಮೂರಕ್ಷರ ತುಂಬುತ್ತಾರೆ. ಅದು ತಪ್ಪಲ್ಲ, ತಿದ್ದಿಸಲು ಓಡಬೇಡಿ. ಕೆನಡಾದ ಅರ್ಜಿಯಲ್ಲಿ ಹೆಸರನ್ನು ಉಪನಾಮದ ಚೌಕದಲ್ಲಿ ಬರೆದು, ಇನ್ನೊಂದನ್ನು ಖಾಲಿ ಬಿಡಬೇಕು. ಅಲ್ಲಿ ಎಫ್‌ಎನ್‌ಯು ಎಂದು ನೀವಾಗಿ ತುಂಬಬೇಡಿ.

ನಿಜವಾದ ತೊಂದರೆ ಇರುವುದು ನಿಮ್ಮ ಮಗ ಪ್ರೀತಿಯಿಂದ ಸೇರಿಸಿದ ಉಪನಾಮದಲ್ಲಿ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿಗೆ ಹೊಂದಬೇಕು. ಹಡಗಿನ ಕಂಪನಿಗೆ ಮಗನಿಂದಲೇ ಫೋನ್ ಮಾಡಿಸಿ, ‘ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದೆ, ನಿಮ್ಮಲ್ಲಿ ಹೇಗೆ ಬರೆಯಬೇಕು’ ಎಂದು ಕೇಳಿಸಿ, ಉತ್ತರವನ್ನು ಮಿಂಚಂಚೆಯಲ್ಲಿ ಪಡೆಯಿರಿ. ಪಾಸ್‌ಪೋರ್ಟಿಗೇ ಉಪನಾಮ ಸೇರಿಸಿ ಮರುವಿತರಣೆ ಮಾಡಿಸೋಣ ಎಂದು ಯಾರಾದರೂ ಹೇಳಿದರೆ ಈಗ ಕೇಳಬೇಡಿ. ಆಗ ಅಮೆರಿಕದ ವೀಸಾಕ್ಕೂ ಪಾಸ್‌ಪೋರ್ಟಿಗೂ ತಾಳೆಯಾಗದೆ ಹೊಸ ಪೀಕಲಾಟ ಶುರುವಾಗುತ್ತದೆ.

ಕಡಿಯಾಳಿ ಮೇಷ್ಟ್ರು, ಮಾರ್ಚ್ 25

ಇಬ್ಬರಿಗೂ ಉಪಕಾರ. ಮಗನೊಂದಿಗೆ ಮಾತನಾಡಿದಾಗ ಇನ್ನೊಂದು ವಿಷಯ ಹೊರಬಿತ್ತು. ಅವನದು ಎಚ್-1ಬಿ, ಅಂದರೆ ಕೆಲಸದ ವೀಸಾ. ಕೆಲಸದ ಅನುಮತಿ ನವೀಕರಣವಾಗಿದೆ, ಆದರೆ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಡಿಸೆಂಬರ್‌ನಲ್ಲೇ ಮುಗಿದಿದೆಯಂತೆ. ಸೊಸೆಗೂ ಹಾಗೇ. ಮೊಮ್ಮಗ ಅಲ್ಲಿಯೇ ಹುಟ್ಟಿದವನು. ನಮ್ಮ ಪಾಡು ನೋಡಲು ಹೋಗಿ ಅವನ ಪಾಡು ಕೆಟ್ಟಿತೇ?

ಲಂಗರು, ಮಾರ್ಚ್ 25

ಕೆಟ್ಟಿಲ್ಲ. ಕೆನಡಾ ಅಥವಾ ಮೆಕ್ಸಿಕೊಕ್ಕೆ ಮಾತ್ರ ಹೋಗಿ 30 ದಿನದೊಳಗೆ ಮರಳುವವರಿಗೆ ಮುಗಿದ ಮುದ್ರೆಯನ್ನೇ ಚಾಲ್ತಿಯಲ್ಲಿದೆ ಎಂದು ಪರಿಗಣಿಸುವ ನಿಯಮವಿದೆ. ಐ-94, ಅಂದರೆ ಅಮೆರಿಕಕ್ಕೆ ಬಂದಾಗ ಕೊಡುವ ವಾಸ್ತವ್ಯದ ಗಡುವಿನ ದಾಖಲೆ, ಚಾಲ್ತಿಯಲ್ಲಿರಬೇಕು, ಆ ನಡುವೆ ಹೊಸ ಅಮೆರಿಕ ವೀಸಾಕ್ಕೆ ಅರ್ಜಿ ಹಾಕಿರಬಾರದು. ಕೌಂಟರಿನಲ್ಲಿರುವ ಎಳೆಯರಿಗೆ ಈ ನಿಯಮ ಗೊತ್ತಿರುವುದಿಲ್ಲ. ಆದ್ದರಿಂದ ಐ-797 (ಕೆಲಸದ ಅನುಮತಿ ಮಂಜೂರಾದ ಪತ್ರ), ಐ-94 ಮತ್ತು ಆ ನಿಯಮದ ಪುಟ, ಮೂರನ್ನೂ ಮುದ್ರಿಸಿಕೊಂಡು ಹೋಗಲಿ. ಆದರೆ ಇದೆಲ್ಲ ಅಮೆರಿಕಕ್ಕೆ ಮರಳಿ ಬರುವುದಕ್ಕೆ. ಕೆನಡಾದ ವೀಸಾ ಅವರಿಬ್ಬರಿಗೂ ಬೇಕು.

ಮೊಮ್ಮಗ ಅಮೆರಿಕದ ಪ್ರಜೆ. ಹತ್ತಿದ ಬಂದರಿಗೇ ಮರಳುವ ಹಡಗಿಗೆ ಅವನ ಜನನ ಪ್ರಮಾಣಪತ್ರವೇ ಸಾಕು. ಪಾಸ್‌ಪೋರ್ಟ್ ಇದ್ದರೆ ಅದನ್ನೇ ಒಯ್ಯಿರಿ.

ನೀವಿಬ್ಬರೂ ಒಂದು ನೆನಪಿಡಿ. ಅಮೆರಿಕದಲ್ಲಿ ಇಳಿದಾಗ ಸಿಕ್ಕ ಆರು ತಿಂಗಳ ಗಡುವು ಕೆನಡಾಕ್ಕೆ ಹೋಗಿ ಬಂದರೆ ಹೊಸದಾಗಿ ಶುರುವಾಗುತ್ತದೆ ಎಂದು ಎಣಿಸಿ ವಾಪಸು ಟಿಕೆಟ್ ಮುಂದಕ್ಕೆ ಹಾಕಬೇಡಿ.

ಸುರತ್ಕಲ್ ಸವಾರ, ಮಾರ್ಚ್ 26

ತಪ್ಪಾಯಿತು ಮಾರಾಯರೇ. ಅಣ್ಣನಿಗೂ ಹೇಳಿದೆ, ಅವನಿಗೆ ಈ ವಿನಾಯಿತಿಯ ಕಥೆಯೇ ಗೊತ್ತಿರಲಿಲ್ಲ. ವೀಸಾ ಸಿಗದಿದ್ದರೆ ಏನು ಮಾಡುವುದು?

ಲಂಗರು, ಮಾರ್ಚ್ 26

ಲಾಸ್ ಏಂಜಲೀಸ್‌ನಿಂದ ಮೆಕ್ಸಿಕೊಕ್ಕೆ ಹೋಗುವ ಹಡಗು ಹಿಡಿಯಬಹುದು. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಮೆಕ್ಸಿಕೊ ಬೇರೆ ವೀಸಾ ಕೇಳುವುದಿಲ್ಲ. ಮಂಜಿನ ಗುಡ್ಡ ಮಾತ್ರ ಅಲ್ಲಿಲ್ಲ.

ಕಡಿಯಾಳಿ ಮೇಷ್ಟ್ರು, ಮೇ 21

ಕೊನೆಗೂ ಕೆಲಸವಾಯಿತು. ಏಪ್ರಿಲ್ 9ಕ್ಕೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟೆವು. ನನ್ನ ಹೆಬ್ಬೆರಳು ಯಂತ್ರಕ್ಕೆ ಹಿಡಿಸದೆ ನಾಲ್ಕು ಸಲ ಒತ್ತಿಸಿದರು. ನಲವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ. ಮೇ ಮೊದಲ ವಾರ ಪಾಸ್‌ಪೋರ್ಟ್ ಕಳುಹಿಸಿ ಎಂಬ ಪತ್ರ ಬಂತು, ನಿನ್ನೆ ವೀಸಾ ಅಂಟಿಸಿಕೊಂಡು ಎರಡೂ ಮನೆ ಸೇರಿದವು. ಮಗ, ಸೊಸೆಗೂ ಸಿಕ್ಕಿದೆ.

ಟಿಕೆಟ್ಟಿನ ಹೆಸರನ್ನು ಕಂಪನಿಯವರು ತಿದ್ದಿಕೊಟ್ಟರು, ಹಣ ಕೇಳಲಿಲ್ಲ. ಈಗ ಅದರಲ್ಲಿ ‘ಎಫ್‌ಎನ್‌ಯು ಸುಮತಿ’ ಎಂದಿದೆ.

ಲಂಗರು, ಮೇ 21

ಸಂತೋಷ. ಇನ್ನೊಂದೇ ಮಾತು. ಕಟ್ಟೆಯಲ್ಲಿ ಟ್ಯಾಕ್ಸಿಯಿಂದ ಇಳಿದ ಕೂಡಲೇ ಸಾಮಾನು ಹೊರುವವರು ಸೂಟ್‌ಕೇಸ್ ಒಯ್ಯುತ್ತಾರೆ, ಅದು ಮತ್ತೆ ನಿಮ್ಮ ಕಣ್ಣಿಗೆ ಬೀಳುವುದು ಸಂಜೆ, ಕೋಣೆಯ ಬಾಗಿಲಲ್ಲಿ. ಜೋಪಾನವಾಗಿರಲಿ ಎಂದು ಪಾಸ್‌ಪೋರ್ಟನ್ನು ಸೀರೆಗಳ ನಡುವೆ ಇಟ್ಟು ಅದಕ್ಕೆ ಬೀಗ ಹಾಕಿದವರು ಪ್ರತಿ ವಾರ ಒಬ್ಬರಾದರೂ ಸಿಗುತ್ತಿದ್ದರು. ನಿಮ್ಮ ಎರಡೂ ಪಾಸ್‌ಪೋರ್ಟ್ ಸೇರಿ ಎಲ್ಲವೂ ಹೆಗಲ ಚೀಲದಲ್ಲಿರಲಿ.

ಕಡಿಯಾಳಿ ಮೇಷ್ಟ್ರು, ಮೇ 22

ಒಳ್ಳೆಯದಾಯಿತು ಹೇಳಿದ್ದು. ಸುಮತಿ ಅವನ್ನು ನಿನ್ನೆಯೇ ಧರ್ಮಾವರಂ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಳು. ಈಗಷ್ಟೇ ತೆಗೆಸಿದೆ.